ಬಲಕ್ಕೆ ಕಾಲು ಸುತ್ತು

ಸಿಹಿ ವಾಸನೆ, ಮೂಗಿಗಿಂತ ಮೊದಲು ಗಂಟಲಿಗೆ ತಾಗುವ ವಾಸನೆ, ಸಿರಿಂಜಿನ ತುದಿಯಿಂದ ಕ್ಲೋರೋಫಾರ್ಮಿನ ಒಂದು ಹನಿ ಇಳಿದು ಸಂದಿನ ಸುತ್ತ ತಾನೇ ಓಡಿಹೋಯಿತು, ಬೆಳ್ಳಗೆ ಕಾಣುತ್ತಿದ್ದ ಗೆರೆ ಮಾಯ, ಅಕ್ರಿಲಿಕ್ಕಿನ ಎರಡು ತುಂಡು ಒಂದೇ ಆಗಿಬಿಟ್ಟವು, ಇನ್ನು ಐದು ನಿಮಿಷ ಹೆಬ್ಬೆರಳು ತೆಗೆಯುವಂತಿಲ್ಲ, ತೆಗೆದರೆ ಪಿನ್ನು ಜಾರುತ್ತದೆ, ಜಾರಿದರೆ ಮುಚ್ಚಳ ಕೂರುವುದಿಲ್ಲ — ಒಳ್ಳೆಯದೇ ಆಯಿತು ಎಂದುಕೊಂಡ ಬೋಜ, ಐದು ನಿಮಿಷ ತನ್ನನ್ನು ಯಾರೂ ಏಳು ಎನ್ನುವಂತಿಲ್ಲ, ಕಂಪೌಂಡ್ ಗೋಡೆಯ ಆಚೆ ಜೂಲಿ ಬಾಯಿಯ ಮನೆಯಲ್ಲಿ ಏನನ್ನೋ ನೆಲದ ಮೇಲೆ ಎಳೆಯುವ ಸದ್ದು, ಟ್ರಂಕು ಇರಬೇಕು, ನಾಲ್ಕು ಗಂಟೆಗೆ ರಿಕ್ಷಾ ಬರುತ್ತದೆ ಎಂದು ಹೇಮಾಕ್ಷಿ ಬೆಳಿಗ್ಗೆ ದೋಸೆ ಬಡಿಸುತ್ತಲೇ ಹೇಳಿದ್ದಳು, ನಾಲ್ಕಕ್ಕೆ ಸಿಸ್ಟರ್‌ಗಳ ಓಲ್ಡ್ ಏಜ್ ಹೋಮಿಗೆ ಕರ್ಕೊಂಡು ಹೋಗ್ತಾರಂತೆ, ಎಲೇನ್ ಆದಿತ್ಯವಾರ ಕುವೈತಿಗೆ ಹೊರಡುವುದಲ್ವಾ, ತಾಯಿಯನ್ನು ಒಬ್ಬರನ್ನೇ ಬಿಟ್ಟು ಹೋಗ್ಲಿಕ್ಕೆ ಅವಳಿಗೆ ಹೆದರಿಕೆ, ನೆನಪು ಹೋಗ್ತಾ ಉಂಟಲ್ಲ ಪಾಪ, ನೀವೊಮ್ಮೆ ಹೋಗಿ ಮಾತಾಡಿ ಬನ್ನಿ ಮಾರಾಯ್ರೆ, ಎಂಟು ವರ್ಷ ನೀವು ಕೊಡಿಸಿದ ಕ್ಲಿನಿಕ್ಕಿನ ಗುಡಿಸಿ ಒರೆಸುವ ಕೆಲಸ ಮಾಡಿದವರು. ಮಾತಾಡುವುದು, ಹೌದು, ಬಾಕಿ ಇರುವುದು ಅದೊಂದೇ, ಹತ್ತು ದಿನದಿಂದ ಬಾಕಿ, ಜೂಲಿ ಬಾಯಿಯ ನೆನಪಿಗೆ ಏನೂ ಆಗಿಲ್ಲ, ಅವರ ಕೈ ಸರಿಯಾಗಿಯೇ ಇತ್ತು, ಈ ಭೂಮಿಯ ಮೇಲೆ ಅದು ಗೊತ್ತಿರುವುದು ಬೋಜನೊಬ್ಬನಿಗೆ, ಆ ಬೋಜ ಹಿಂಬದಿಯ ಜಗಲಿಯಲ್ಲಿ ಹೆಬ್ಬೆರಳು ಒತ್ತಿಕೊಂಡು ಗಡಿಯಾರ ನೋಡುತ್ತಿದ್ದಾನೆ, ಎರಡೂಮುಕ್ಕಾಲು.

ಎಷ್ಟು ಸಣ್ಣ ಸಾಮಾನು, ಮುಷ್ಟಿಯಲ್ಲಿ ಹಿಡಿಯುವಷ್ಟು, ಬಲ್ಬು ಹೋಲ್ಡರಿನಲ್ಲಿ ಕೂರುತ್ತದಲ್ಲ ಅಷ್ಟೇ ಕಥೆ, ಪೈಪಿನ ಬಾಯಿಯಲ್ಲಿ ಎರಡು ಸೀಳು, ಕೆಳಗಿಳಿದು ಪಕ್ಕಕ್ಕೆ ಹೊರಳುವ ಸೀಳು, ಮುಚ್ಚಳದ ಮೈಯಲ್ಲಿ ಎರಡು ಪಿನ್ನು, ಒತ್ತಿ ಬಲಕ್ಕೆ ಕಾಲು ಸುತ್ತು ತಿರುಗಿಸಿದರೆ ಭದ್ರ, ಎಡಕ್ಕೆ ತಿರುಗಿಸಿದರೆ ಬಿಚ್ಚಿತು, ತೊಟ್ಟಿಯ ಹೊರಗೆ ನಿಲ್ಲುವ ಆ ಪೈಪಿನೊಳಗೆ ಇದ್ದಿಲು, ಮೀನಿನ ತೊಟ್ಟಿಯ ನೀರನ್ನು ಪಂಪು ಎಳೆದು ಅದರ ಮೂಲಕ ದೂಡುತ್ತದೆ, ಸೋಸಿ ವಾಪಸು ಕಳಿಸುತ್ತದೆ, ಅಂಗಡಿಯಲ್ಲಿ ಸಿಗುವುದೆಲ್ಲ ಪರದೇಶದ್ದು, ಮುಚ್ಚಳ ಒಡೆದರೆ ಬರೀ ಮುಚ್ಚಳ ಸಿಗುವುದಿಲ್ಲ, ಹಾಗಾಗಿ ಬೋಜಣ್ಣ ಬೇಕು, ಬೈಕಂಪಾಡಿಯಲ್ಲಿ ಬೋರ್ಡು ಮಾಡುವ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಅಕ್ರಿಲಿಕ್ ಕೊಯ್ದ ಕೈ, ರಿಟೈರಾದ ಮೇಲೆ ಸುಮ್ಮನೆ ಕೂರಲಿಲ್ಲ, ಕಾವೂರಿನ ಈ ಜಗಲಿಯಲ್ಲೇ ಒಂದು ಡ್ರಿಲ್ಲು, ಎರಡು ಅರ, ಗಾಜಿನ ಮೇಲೆ ಅಂಟಿಸಿದ ಪಾಲಿಶ್ ಪೇಪರು, ಊರಲ್ಲಿ ಮೀನು ಸಾಕುವವರ ಬಾಯಲ್ಲೆಲ್ಲ ಅವನದೇ ಹೆಸರು, ಬೋಜಣ್ಣ ಮಾಡಿದ್ದು ಸೋರುವುದಿಲ್ಲ, ಒಂದು ಪೀಸೂ ವಾಪಸು ಬಂದದ್ದಿಲ್ಲ, ಎಷ್ಟು ಚೆಂದದ ಮಾತು, ಕೇಳಿ ಕೇಳಿ ಹೊಟ್ಟೆ ತುಂಬಿಸಿಕೊಂಡಿದ್ದ, ಆ ಮಾತಿಗೆ ಎಲ್ಲಿ ಕುಂದು ಬಂದೀತೋ ಎಂದೇ ಅಲ್ಲವೇ ಅವತ್ತು ಬಾಯಿ ಮುಚ್ಚಿದ್ದು, ಬೇರೆ ಕಾರಣ ಹುಡುಕುವುದು ಬೇಡ.

ಕಾಗದ, ಶುರುವಾದದ್ದು ಕಾಗದದಿಂದ, ಸೀಳಿನ ಗೆರೆ ಬರೆದ ಪಟ್ಟಿಯನ್ನು ಪೈಪಿನ ಹೊರಮೈಗೆ ಸುತ್ತಿ ಅಂಟಿಸಿ ಅದರ ಮೇಲೆಯೇ ಕೊಯ್ಯುವುದು ಕ್ರಮ, ಆದರೆ ಬ್ಲೇಡಿನ ಬಿಸಿಗೆ ಗಮ್ಮು ಕರಗಿ ಪಟ್ಟಿ ಕಿತ್ತು ಬರುತ್ತಿತ್ತು, ಒಂದು ದಿನ ಬುದ್ಧಿ ಓಡಿಸಿದ, ಪೈಪು ಪಾರದರ್ಶಕವೇ ಅಲ್ಲವೇ, ಪಟ್ಟಿಯನ್ನು ಒಳಗೆ ಅಂಟಿಸಿದರಾಯಿತು, ಹೊರಗಿನಿಂದ ಗೆರೆ ಕಾಣುತ್ತದೆ, ಬ್ಲೇಡೂ ತಾಗುವುದಿಲ್ಲ, ಭೇಷ್ ಎಂದುಕೊಂಡ, ಹಾಗೆ ಅಂಟಿಸುವಾಗ ಗಮ್ಮು ಹಚ್ಚಬೇಕಾದದ್ದು ಗೆರೆ ಬರೆದ ಬದಿಗೆ, ಆದರೆ ಮೂವತ್ತೊಂದು ವರ್ಷದ ಕೈ ಕೇಳಬೇಕಲ್ಲ, ಅದು ಅಭ್ಯಾಸದಂತೆ ಹಿಂಬದಿಗೇ ಹಚ್ಚಿತು, ದಪ್ಪ ಕಾಗದವಾಗಿದ್ದರೆ ಗೆರೆ ಕಾಣದೆ ಅಲ್ಲೇ ತಪ್ಪು ಸಿಕ್ಕಿಬೀಳುತ್ತಿತ್ತು, ಅದು ಬಟರ್ ಪೇಪರು, ಗೆರೆ ಎರಡೂ ಬದಿಯಿಂದ ಒಂದೇ ರೀತಿ ಕಾಣುವಂಥದ್ದು, ಕನ್ನಡಿಯಲ್ಲಿ ನೋಡಿದ ಹಾಗೆ ಸೀಳು ಮಗುಚಿ ಬಿದ್ದಿತು, ಎಲ್ಲ ಅಂಟಿಸಿ ಒಣಗಿಸಿ ತಿರುಗಿಸಿ ನೋಡಿದರೆ ಮುಚ್ಚಳ ಎಡಕ್ಕೆ ಲಾಕ್ ಆಗುತ್ತಿದೆ, ಬಲಕ್ಕೆ ಬಿಚ್ಚುತ್ತಿದೆ. ಗೊತ್ತಾಯಿತು, ಅವನಿಗೆ ಆಗಲೇ ಗೊತ್ತಾಯಿತು, ಗೊತ್ತಾಗದೆ ಆದದ್ದು ಎಂದು ದೇವರ ಮುಂದೆಯೂ ಹೇಳುವಂತಿಲ್ಲ, ಸಾಯಲಿ ಎಂದುಕೊಂಡ, ಲಾಕ್ ಆಗುತ್ತದಲ್ಲ, ಎಡವಾದರೇನು ಬಲವಾದರೇನು, ರಾತ್ರಿಯಿಡೀ ನೀರು ತುಂಬಿಸಿಟ್ಟು ನೋಡಿದ್ದ, ಒಂದು ಹನಿ ಸೋರಲಿಲ್ಲ, ಶಕ್ತಿನಗರದ ಕ್ಲಿನಿಕ್ಕಿನಿಂದ ಶೋಭಿತ್ ಡಾಕ್ಟರದ್ದು ಫೋನಿನ ಮೇಲೆ ಫೋನು, ಹಳೆಯದು ಬಿರುಕು ಬಿಟ್ಟಿದೆ ಬೋಜಣ್ಣ, ನೀರು ಮಂದ ಆಗ್ತಾ ಉಂಟು, ಅಪ್ಪ ಸಾಕಿದ ಮೀನು ಅದು, ಇವತ್ತೇ ಬನ್ನಿ, ಶನಿವಾರ ಮಧ್ಯಾಹ್ನ ಹೋಗಿ ಕೂರಿಸಿ ಬಂದ, ಮುಚ್ಚಳದ ಮೇಲೆ ಕೆಂಪು ಟೇಪಿನಲ್ಲಿ ಒಂದು ಬಾಣದ ಗುರುತು ಹಾಕಬೇಕೆಂದಿದ್ದ, ಟೇಪು ಇನ್ನೊಂದು ಚೀಲದಲ್ಲಿ ಉಳಿದಿತ್ತು, ಹೋಗಲಿ, ಜೂಲಿ ಬಾಯಿಗೆ ಬಾಯಲ್ಲಿ ಹೇಳಿದರಾಯಿತು, ಪಕ್ಕದ ಮನೆಯಲ್ಲವೇ.

ಹೇಳಿದರಾಯಿತು, ಅದೇ ಶನಿವಾರ ಮೂರು ಗಂಟೆಗೆ ಗೋಡೆಯ ಆಚೆಯಿಂದ ಅವರೇ ಕರೆದರು, ಹೇಮಾಕ್ಷಿ ಅಕ್ಕ ಇಲ್ವಾ, ಸಣ್ಣ ಮಾಡಿದ್ದೆ, ನಮ್ಮವರ ಇಡ್ಲಿ, ಬಿಸಿ ಉಂಟು, ತಿಂದು ನೋಡಿ ಬೋಜಣ್ಣ, ಮೆತ್ತಗಾಗಿದೆಯಾ ಹೇಳಿ, ಅವನು ಗೋಡೆಯ ಬಳಿಯೇ ನಿಂತು ಸಣ್ಣ ತಿಂದ, ಒಂದಲ್ಲ ಎರಡು, ಬಾಯಿ ತುಂಬ ಇತ್ತು, ನುಂಗಿದ ಮೇಲೆ ಹೇಳೋಣ ಎಂದುಕೊಂಡ, ನುಂಗಿದ, ಆಗ ಯಾರದೋ ಫೋನು ಬಂತು, ಇನ್ನೊಬ್ಬರಿಗೂ ಇಂಥದ್ದೇ ಪೀಸು ಬೇಕಂತೆ, ಮಾತಾಡುತ್ತ ಒಳಗೆ ಹೋದ, ನಾಲ್ಕಕ್ಕೆ ಜೂಲಿ ಬಾಯಿ ಛತ್ರಿ ಹಿಡಿದುಕೊಂಡು ಬಸ್ಸಿಗೆ ನಡೆದದ್ದು ಕಿಟಕಿಯಿಂದ ಕಂಡಿತು, ಕರೆದಿದ್ದರೆ ಕೇಳುತ್ತಿತ್ತು, ಕರೆಯಲಿಲ್ಲ, ನಾಳೆ ಹೇಳಿದರಾಯಿತು. ಆದರೆ ದಿನಾ ಹೊರಡುವ ಮೊದಲು ಮುಚ್ಚಳ ಮುಟ್ಟಿ ನೋಡಿ ಎಂದು ಅವರಿಗೆ ಕಲಿಸಿದವನೇ ಅವನು, ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿಸಿದ ದಿನವೇ, ಬಾಯಿ, ಪಂಪಿನ ನಡುಕಕ್ಕೆ ಇದು ಸಡಿಲ ಆಗ್ತದೆ, ಸಂಜೆ ಹೋಗುವಾಗ ಒಮ್ಮೆ ಒತ್ತಿ ಬಲಕ್ಕೆ ತಿರುಗಿಸಿ ನೋಡಿ, ಅಷ್ಟು ಸಾಕು, ಎಂಟು ವರ್ಷ ಒಂದು ದಿನ ತಪ್ಪಿಸಲಿಲ್ಲ ಆ ಹೆಂಗಸು, ಗಂಡ ರಾಫೆಲ್ ಪೊರ್ಬುಗಳು ತೀರಿಕೊಂಡ ವಾರವನ್ನು ಬಿಟ್ಟರೆ ಒಂದು ದಿನ ಇಲ್ಲ, ಆ ಶನಿವಾರವೂ ಒತ್ತಿದರು, ಬಲಕ್ಕೆ ತಿರುಗಿಸಿದರು, ಯಾವತ್ತೂ ಅಲ್ಲಾಡದ ಮುಚ್ಚಳ ಅವತ್ತು ಕಾಲು ಸುತ್ತು ತಿರುಗಿತು, ಸಡಿಲ ಇತ್ತು, ನೋಡಿದ್ದು ಒಳ್ಳೆಯದಾಯಿತು ಎಂದುಕೊಂಡು ಸಮಾಧಾನದಿಂದ ದೀಪ ಆರಿಸಿ ಮನೆಗೆ ಬಂದರು. ರಬ್ಬರ್ ರಿಂಗು ಸ್ವಲ್ಪ ಹೊತ್ತು ಹಿಡಿದುಕೊಂಡಿರಬೇಕು, ಆಮೇಲೆ ಪಂಪಿನ ಒತ್ತಡಕ್ಕೆ ಮುಚ್ಚಳ ಹಾರಿ ಬಿದ್ದಿದೆ, ತೊಟ್ಟಿಯ ನೀರೆಲ್ಲ ನೆಲಕ್ಕೆ, ಆದಿತ್ಯವಾರ ಕ್ಲಿನಿಕ್ಕಿಗೆ ರಜೆ.

ಹೇಮಾಕ್ಷಿ ಚಹಾ ತಂದಿಟ್ಟು ಹೋದಳು, ಆರಿಹೋಗುತ್ತದೆ ಕುಡಿಯಿರಿ ಎಂದಳು, ಕುಡಿಯಬೇಕು, ಹೆಬ್ಬೆರಳು ತೆಗೆಯಬಹುದು ಈಗ, ಐದು ನಿಮಿಷ ಯಾವಾಗಲೋ ದಾಟಿದೆ, ಆದರೂ ಅವನು ಒತ್ತಿಕೊಂಡೇ ಇದ್ದಾನೆ, ಆ ಸೋಮವಾರ ಬೆಳಿಗ್ಗೆ ಡಾಕ್ಟರು ಕರೆಸಿದಾಗ ಕ್ಲಿನಿಕ್ಕಿನ ನೆಲ ಒದ್ದೆ, ಹಲ್ಲು ನೋಡುವ ಕುರ್ಚಿಯ ಬುಡದ ವಯರೆಲ್ಲ ನೀರು ಕುಡಿದು ಸುಟ್ಟ ವಾಸನೆ, ಖಾಲಿ ತೊಟ್ಟಿಯ ಬೆಣಚುಕಲ್ಲಿನ ಮೇಲೆ ಆ ಉದ್ದನೆಯ ಬೆಳ್ಳಿ ಮೀನು ಒಂದೇ ಮಗ್ಗುಲಲ್ಲಿ, ಒಂದು ಕಣ್ಣು ಮೇಲಕ್ಕೆ, ಡಾಕ್ಟರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು, ಆ ಗಲಾಟೆಯಲ್ಲಿ ನಿಜ ಬಾಯಿಗೆ ಬರುತ್ತಿತ್ತೋ ಏನೋ, ಅವರು ಮೆಲ್ಲಗೆ ಕೇಳಿದರು, ಜೂಲಿ ಬಾಯಿ, ನೀವು ಇದನ್ನು ಮುಟ್ಟಿದ್ರಾ? ಹೌದು ಡಾಕ್ಟ್ರೇ, ಸಡಿಲ ಇತ್ತು, ಗಟ್ಟಿ ಮಾಡಿ ಹೋದೆ. ಹೇಗೆ ತಿರುಗಿಸಿದ್ದು? ಆಗ ಅವರು ಕೈ ಎತ್ತಿದರು, ಒರೆಸುವ ಬಟ್ಟೆ ಹಿಂಡಿ ಹಿಂಡಿ ಬೆಳ್ಳಗೆ ಸುಕ್ಕಾದ ಬೆರಳು, ಐದನ್ನೂ ಅರ್ಧ ಮಡಚಿ, ಇಲ್ಲದ ಮುಚ್ಚಳವನ್ನು ಗಾಳಿಯಲ್ಲಿ ಹಿಡಿದು, ಒತ್ತಿ, ಬಲಕ್ಕೆ ಕಾಲು ಸುತ್ತು, ಹೀಗೆ ಡಾಕ್ಟ್ರೇ, ಬೋಜಣ್ಣ ಹೇಳಿಕೊಟ್ಟ ಹಾಗೆ, ಇನ್ನೊಮ್ಮೆ ತೋರಿಸಿದರು, ಹೀಗೆ. ಆ ಮಣಿಕಟ್ಟು ಬಲಕ್ಕೆ ಹೊರಳಿದ ಕ್ಷಣವೇ ಬೋಜನಿಗೆ ಎಲ್ಲ ತಿಳಿದುಹೋಯಿತು, ಆಗ ಡಾಕ್ಟರು ಅವನ ಕಡೆ ತಿರುಗಿ, ಬೋಜಣ್ಣ, ಬಲಕ್ಕೆ ತಿರುಗಿಸಿದ್ರೆ ಲಾಕ್ ಆಗುವುದಲ್ವಾ, ಮತ್ತೆ ಹೇಗೆ ಬಿಚ್ಚಿತು? ಪೀಸು ಅಷ್ಟರಲ್ಲಿ ಅವನ ಚೀಲದಲ್ಲಿತ್ತು, ಬಂದ ಕೂಡಲೇ ತೆಗೆದು ಹಾಕಿಕೊಂಡಿದ್ದ, ಯಾರೂ ತಿರುಗಿಸಿ ನೋಡಿರಲಿಲ್ಲ, ಬೋಜ ಹೇಳಿದ, ಹೌದು ಡಾಕ್ಟ್ರೇ, ಬಲಕ್ಕೇ ಲಾಕ್. ಇಷ್ಟೇ. ಹಾಗಾದ್ರೆ ನೀವು ಎಡಕ್ಕೆ ತಿರುಗಿಸಿರ್ಬೇಕು ಬಾಯಿ, ನೆನಪಾಗ್ತಿಲ್ಲ ಅಷ್ಟೆ, ಎಂದರು ಡಾಕ್ಟರು, ಮರ್ಯಾದೆಯಿಂದಲೇ ಎಂದರು, ಇನ್ನು ಸ್ವಲ್ಪ ರೆಸ್ಟ್ ಮಾಡಿ ನೀವು, ಕೆಲಸ ಸಾಕು. ಜೂಲಿ ಬಾಯಿಗೆ ಬೋಜಣ್ಣ ಹೇಳಿದ ಮೇಲೆ ಮುಗಿಯಿತು, ಅವರು ತಮ್ಮ ಕೈಯನ್ನೇ ನೋಡಿದರು, ಬೇರೆ ಯಾರದೋ ಕೈ ಅಲ್ಲಿ ಬಂದು ಕೂತಿದೆ ಎನ್ನುವ ಹಾಗೆ ನೋಡಿದರು.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು, ಹೋದದ್ದು ಒಂದು ಕೆಲಸ ತಾನೇ, ಬೇರೆ ಕಡೆ ಕೊಡಿಸೋಣ ಎಂದು ಮನಸ್ಸಿಗೆ ಬೆಣ್ಣೆ ಹಚ್ಚಿಕೊಂಡಿದ್ದ, ಮೂರನೆಯ ದಿನ ಜೂಲಿ ಬಾಯಿ ಗೋಡೆಯ ಬಳಿ ಬಂದು ದನಿ ತಗ್ಗಿಸಿ ಹೇಳಿದರು, ನನ್ನ ಅಮ್ಮನಿಗೂ ಹೀಗೆಯೇ ಶುರುವಾದದ್ದು ಬೋಜಣ್ಣ, ಗ್ಯಾಸ್ ಆಫ್ ಮಾಡಿದೆ ಅಂತಲೇ ಹೇಳ್ತಿದ್ದರು, ಸುಳ್ಳಲ್ಲ, ನಂಬಿಯೇ ಹೇಳ್ತಿದ್ದರು, ನನಗೂ ಈಗ ಬಲಕ್ಕೆ ತಿರುಗಿಸಿದ್ದೇ ನೆನಪು ಉಂಟು, ಕಣ್ಣಿಗೆ ಕಟ್ಟಿದ ಹಾಗೆ ಉಂಟು, ಆದ್ರೆ ಆದದ್ದು ಎಡಕ್ಕೆ, ಇದು ಎಂತ ನೆನಪು? ಅವನು ಎಂತ ಹೇಳಿದ? ಹಾಗೆಂತ ಇಲ್ಲ ಬಾಯಿ, ಎಲ್ಲರಿಗೂ ಒಮ್ಮೊಮ್ಮೆ ಆಗ್ತದೆ, ಎಂದ, ಥೂ. ಅಂದಿನಿಂದ ನಲ್ಲಿ ಮುಚ್ಚಿದರೆ ಎಲೇನ್‌ಳನ್ನು ಕರೆದು ನೋಡಿಸುತ್ತಾರೆ, ಗ್ಯಾಸಿನ ಬಳಿ ಹೋಗುವುದಿಲ್ಲ, ಬಾಗಿಲು ಹಾಕಿ, ತೆಗೆದು, ಪುನಃ ಹಾಕಿ, ಹೆದರಿ ಹೆದರಿ ಈಗ ನಿಜವಾಗಿಯೂ ತಪ್ಪುತ್ತಿದ್ದಾರೆ, ಸಾರಿಗೆ ಎರಡು ಸಲ ಉಪ್ಪು, ಪ್ರಾರ್ಥನೆಯಲ್ಲಿ ನಡುವೆ ನಿಂತು ಎಲ್ಲಿದ್ದೆ ಎನ್ನುತ್ತಾರಂತೆ, ಮೊನ್ನೆ ನೆನಪಿನ ಡಾಕ್ಟರ ಬಳಿ ಕರೆದುಕೊಂಡು ಹೋದಾಗ ಇವತ್ತು ತಾರೀಕು ಎಷ್ಟು ಎಂದು ಕೇಳಿದರೆ ಗಾಬರಿಯಲ್ಲಿ ಹೋದ ತಿಂಗಳದ್ದು ಹೇಳಿದರು, ಡಾಕ್ಟರು ಅದನ್ನು ಬರೆದುಕೊಂಡರು, ಎಲೇನ್ ಅಳುತ್ತ ಬಂದು ಅದನ್ನೆಲ್ಲ ಹೇಮಾಕ್ಷಿಗೆ ಹೇಳಿದಳು. ಮೂರು ತಿಂಗಳ ಹಿಂದೆ ಆ ಎಲೇನ್‌ಗೆ ಕುವೈತಿನ ಕೆಲಸ ಸಿಕ್ಕಾಗ ನೀನು ಧೈರ್ಯದಿಂದ ಹೋಗು ಮಗಾ, ಅಮ್ಮನಿಗೆ ನಾವಿದ್ದೇವಲ್ಲ ಎಂದವನು ಇದೇ ಬೋಜ. ಹೋಗಲಿಲ್ಲವೇ ಹೇಳಲು, ಹೋಗಿದ್ದ, ಶುಕ್ರವಾರ ಆ ಪೀಸನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ, ಅವರು ಎದ್ದು ನಿಂತು ಕುರ್ಚಿ ಕೊಟ್ಟರು, ಎಲೇನ್ ಚಹಾ ಕೊಟ್ಟಳು, ನಿಮಗೆ ಮುಖ ತೋರಿಸ್ಲಿಕ್ಕೆ ನಾಚಿಕೆ ಆಗ್ತದೆ ಬೋಜಣ್ಣ, ಎಂದರು ಜೂಲಿ ಬಾಯಿ, ಕೆಲಸ ಕೊಡಿಸಿದವರಿಗೆ ಕೆಟ್ಟ ಹೆಸರು ತಂದೆ, ನಾನು ಎಲ್ಲರ ಹತ್ತಿರವೂ ಹೇಳಿದ್ದೇನೆ, ಬೋಜಣ್ಣನ ಸಾಮಾನಿನಲ್ಲಿ ತಪ್ಪಿಲ್ಲ, ತಪ್ಪು ನನ್ನದೇ ಅಂತ. ಜೇಬಿನಲ್ಲಿ ಪೀಸು ತೊಡೆಗೆ ಒತ್ತುತ್ತಿತ್ತು, ಚಹಾ ಕುಡಿದು ಲೋಟ ಕೆಳಗಿಟ್ಟು ಬಂದುಬಿಟ್ಟ.

ಮೂರೂ ಇಪ್ಪತ್ತು, ಮುಚ್ಚಳ ಒಣಗಿದೆ, ಹೊಸದು, ಇದೂ ಶೋಭಿತ್ ಡಾಕ್ಟರದ್ದೇ, ಹೊಸ ಮೀನು ತಂದಿದ್ದಾರಂತೆ, ಹೊಸ ಹೆಂಗಸು ಗುಡಿಸಲು ಬರುತ್ತಾಳಂತೆ, ಅವಳಿಗೆ ಚೆನ್ನಾಗಿ ಕಲಿಸಿಕೊಡಿ ಬೋಜಣ್ಣ ಎಂದಿದ್ದಾರೆ, ಈ ಸಲ ಪಟ್ಟಿಯನ್ನು ಹೊರಗೇ ಸುತ್ತಿದ, ಮೂರು ಸಲ ನೋಡಿದ, ಸೀಳಿನ ಅಂಚನ್ನು ಅರದಿಂದ ತೀಡಿದ, ರಬ್ಬರ್ ರಿಂಗಿಗೆ ಎರಡು ತೊಟ್ಟು ನೀರು ಹಚ್ಚಿ ಮುಚ್ಚಳ ಇಟ್ಟು ಒತ್ತಿ ತಿರುಗಿಸಿದ, ಬಲಕ್ಕೆ, ಕಟ್ ಎಂದು ಕೂತಿತು, ಇಷ್ಟು ಸರಿಯಾಗಿ ಅವನು ಇಷ್ಟು ವರ್ಷದಲ್ಲಿ ಒಂದನ್ನೂ ಮಾಡಿರಲಿಲ್ಲ. ಹಳೆಯದು ಬೆಂಚಿನ ಕೆಳಗೆ ಬಿಸ್ಕತ್ತಿನ ಡಬ್ಬದಲ್ಲಿದೆ, ಸುತ್ತಿಗೆಯ ಒಂದು ಏಟಿಗೆ ಪುಡಿಯಾಗುತ್ತಿತ್ತು, ಒಡೆಯಲಿಲ್ಲ, ತೋರಿಸಲೂ ಇಲ್ಲ, ಒಡೆಯುವ ಕೇಡಿಗತನವೂ ಇಲ್ಲ ತೋರಿಸುವ ಗಂಡಸುತನವೂ ಇಲ್ಲ, ನಡುವೆ ಏನೆಂದು ಕರೆಯುತ್ತಾರೆ ಇಂಥವನನ್ನು, ಹೇಡಿ ಎನ್ನುತ್ತಾರೆ, ಅಷ್ಟೇ. ಡಬ್ಬ ತೆಗೆದ, ಪೀಸು ಕೈಗೆ ಬಂತು, ತಣ್ಣಗೆ, ಇದನ್ನು ಜೂಲಿ ಬಾಯಿಯ ಕೈಗೇ ಕೊಡಬೇಕು, ತಿರುಗಿಸಿ ನೋಡಿ ಬಾಯಿ, ಬಲಕ್ಕೆ, ಅಷ್ಟು ಹೇಳಿದರೆ ಸಾಕು, ಮತ್ತೆ ಏನೂ ಹೇಳಬೇಕಾಗಿಲ್ಲ, ಅದು ಬಿಚ್ಚಿಕೊಳ್ಳುತ್ತದೆ, ಅವರ ಕೈ ಅವರಿಗೆ ವಾಪಸು ಸಿಗುತ್ತದೆ, ಆಮೇಲೆ ಉಗಿಯಲಿ, ಎಲೇನ್ ಉಗಿಯಲಿ, ಹೇಮಾಕ್ಷಿ ಮುಖ ತಿರುಗಿಸಲಿ, ಡಾಕ್ಟರು ಊರಿಗೆಲ್ಲ ಹೇಳಲಿ, ಎದ್ದ, ನಿಜವಾಗಿಯೂ ಎದ್ದ, ಚಪ್ಪಲಿ ಹಾಕಿಕೊಂಡ, ಹೊರಗೆ ರಿಕ್ಷಾ ನಿಂತ ಸದ್ದು, ಇನ್ನೂ ನಾಲ್ಕಾಗಿಲ್ಲ, ಬೇಗ ಬಂದಿದೆ.

ಗೇಟು ದಾಟಿದ, ಪೀಸು ಬಲಗೈಯಲ್ಲಿದೆ, ಮುಚ್ಚಿಡಲಿಲ್ಲ, ಯಾರು ಬೇಕಾದರೂ ನೋಡಬಹುದು, ರಿಕ್ಷಾದವನು ಟ್ರಂಕನ್ನು ಹಿಂದಕ್ಕೆ ತುರುಕುತ್ತಿದ್ದಾನೆ, ಎಲೇನ್ ಹಾಸಿಗೆ ಕಟ್ಟು ಹಿಡಿದುಕೊಂಡು ಬೇಗ ಬಾ ಮಮ್ಮಿ ಎನ್ನುತ್ತಿದ್ದಾಳೆ, ಜೂಲಿ ಬಾಯಿ ಬಾಗಿಲ ಮುಂದೆ ನಿಂತಿದ್ದಾರೆ, ಇಗರ್ಜಿಯ ಪ್ರಾರ್ಥನೆಗೆ ಉಡುವ ಸೀರೆ, ಬೀಗದ ಕೈ ತೂತಿನಲ್ಲಿದೆ, ಬೆರಳು ಅದರ ಮೇಲಿದೆ, ತಿರುಗಿಸುತ್ತಿಲ್ಲ, ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಾರೋ, ಅವನನ್ನು ಕಂಡು ಮುಖ ಅರಳಿತು, ಬಂದ್ರಾ ಬೋಜಣ್ಣ, ಒಳ್ಳೇದಾಯ್ತು, ನೀವೇ ಹಾಕಿ ಇದನ್ನು, ನಾನು ತಿರುಗಿಸಿದ್ರೆ ಹಾಕಿದ್ದೋ ತೆಗೆದದ್ದೋ ನನಗೆ ಗೊತ್ತಾಗುವುದಿಲ್ಲ, ನೀವು ಹಾಕಿದ್ರೆ ನನಗೆ ಸಮಾಧಾನ. ಹೇಳು, ಈಗ ಹೇಳು, ಬಾಯಿ ಇದನ್ನೊಮ್ಮೆ ಹಿಡಿಯಿರಿ ಎನ್ನು, ಕೈ ಮುಂದೆ ಮಾಡು — ಹಾಕಿ ಬೋಜಣ್ಣ, ಎಂದಳು ಎಲೇನ್, ರಿಕ್ಷಾ ಕಾಯ್ತಾ ಉಂಟು, ಬೀಗ ಹಾಕಲು ಕೈ ಖಾಲಿ ಬೇಕಲ್ಲ, ಪೀಸು ಅಂಗಿಯ ಜೇಬಿಗೆ ಹೋಯಿತು, ತಾನೇ ಹೋಯಿತು, ಅವನು ಹಾಕಿದ್ದಲ್ಲ ಎಂದು ಬೇಕಾದರೆ ಆಣೆ ಮಾಡುತ್ತಾನೆ, ಬೀಗದ ಕೈ ಹಿಡಿದ, ಪಕ್ಕದಲ್ಲಿ ಅವರು ಮಗುವಿನ ಹಾಗೆ ಬಗ್ಗಿ ನೋಡುತ್ತಿದ್ದಾರೆ, ಬಲಕ್ಕಾ ಬೋಜಣ್ಣ? ಬಲಕ್ಕೆ ಬಾಯಿ. ತಿರುಗಿಸಿದ, ಕಟ್ ಎಂದಿತು, ಅವನ ಕೈಯ ಜೊತೆಗೇ ಅವರ ಕೈಯೂ ಗಾಳಿಯಲ್ಲಿ ತಿರುಗಿತು, ಕಲಿತುಕೊಳ್ಳುವವರ ಹಾಗೆ, ಅಷ್ಟು ಸರಿಯಾಗಿ, ಅವನ ಕೈಗಿಂತ ಸರಿಯಾಗಿ. ದೇವರು ಒಳ್ಳೇದು ಮಾಡ್ಲಿ, ಎಂದರು, ಬೀಗದ ಕೈ ನಿಮ್ಮ ಹತ್ತಿರವೇ ಇರ್ಲಿ, ನನ್ನ ಹತ್ತಿರ ಬೇಡ, ಎಂದರು, ರಿಕ್ಷಾ ಹತ್ತಿದರು, ಎಲೇನ್ ಹತ್ತಿದಳು, ಹೊಗೆ, ಕೆರೆಯ ಕಡೆಯ ತಿರುವು, ಹೇಮಾಕ್ಷಿ ಗೇಟಿನಿಂದ ಕೇಳುತ್ತಿದ್ದಾಳೆ, ಮಾತಾಡಿದ್ರಾ, ಎಂತ ಹೇಳಿದ್ರು, ಜೇಬಿನಲ್ಲಿ ಒಂದು ಕಡೆ ಬೀಗದ ಕೈ, ಒಂದು ಕಡೆ ಪೀಸು, ಓಡಿದರೆ ಮುಖ್ಯ ರಸ್ತೆಯಲ್ಲಿ ಅದೇ ರಿಕ್ಷಾ ಸಿಗುತ್ತದೆ, ಅಲ್ಲಿ ಸಿಗ್ನಲ್ ಉಂಟು, ಓಡಬೇಕು, ನಾಳೆ ಹೋಗಿ, ನಾಳೆ ಹೋಮಿಗೇ ಹೋಗಿ, ಹೇಳಿದರಾಯಿ — ಕೈ, ಗಾಳಿಯಲ್ಲಿ, ನೀರಿಗೆ ಬೆಳ್ಳಗಾದ ಐದು ಬೆರಳು ಅರ್ಧ ಮಡಚಿ, ಇಲ್ಲದ ಮುಚ್ಚಳವನ್ನು ಹಿಡಿದು, ಒತ್ತಿ, ಬಲಕ್ಕೆ, ಹೀಗೆ ಡಾಕ್ಟ್ರೇ, ಬೋಜಣ್ಣ ಹೇಳಿಕೊಟ್ಟ ಹಾಗೆ, ಬಲಕ್ಕೆ, ಕಾಲು ಸುತ್ತು, ಹೀಗೆ, ಬಲಕ್ಕೆ.